ಪ್ರತಿ ಬೇಸಿಗೆಗೂ ಎಸಿಗೆ ಗ್ಯಾಸ್ ತುಂಬಿಸಬೇಕೇ?

ಪ್ರಶ್ನೆ: ಕಲಬುರಗಿಯಲ್ಲಿ ನಮ್ಮದು ಎರಡಂತಸ್ತಿನ ಮನೆ. ಮೇಲಿನ ಮಹಡಿಯ 13×14 ಅಡಿ ಕೋಣೆಗೆ ನಾಲ್ಕು ವರ್ಷಗಳ ಹಿಂದೆ 1.5 ಟನ್‌ನ 3 ಸ್ಟಾರ್ ಇನ್ವರ್ಟರ್ ಸ್ಪ್ಲಿಟ್ ಎಸಿ ಹಾಕಿಸಿದೆವು. ಮೊದಲ ವರ್ಷ ಚೆನ್ನಾಗಿಯೇ ತಂಪಾಗುತ್ತಿತ್ತು. ಈಗ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ 16ಕ್ಕೆ ಇಟ್ಟರೂ ಕೋಣೆ 30 ಡಿಗ್ರಿಗಿಂತ ಕೆಳಗಿಳಿಯುವುದಿಲ್ಲ. ರಾತ್ರಿ ಎರಡು ಗಂಟೆ ದಾಟಿದರೆ ಮಾತ್ರ ಹೊದಿಕೆ ಬೇಕೆನಿಸುವಷ್ಟು ತಂಪಾಗುತ್ತದೆ. ಪ್ರತಿ ಬೇಸಿಗೆ ಮೆಕ್ಯಾನಿಕ್ ಬಂದು ಗ್ಯಾಸ್ ಕಡಿಮೆಯಾಗಿದೆ ಎಂದು ತುಂಬಿಸಿ ಹೋಗುತ್ತಾರೆ. ಔಟ್‌ಡೋರ್ ಯೂನಿಟ್ ನಮ್ಮ ಗೋಡೆಗೂ ಪಕ್ಕದ ಮನೆಯ ಗೋಡೆಗೂ ನಡುವಿನ ಎರಡೂವರೆ ಅಡಿ ಸಂದಿಯಲ್ಲಿದೆ. ಬಿಸಿಲು ಮತ್ತು ಮಂಗಗಳ ಕಾಟಕ್ಕೆ ಅದರ ಮೇಲೆ ತಗಡು ಹೊದಿಸಿದ್ದೇವೆ. ಇದನ್ನೇ ಸರಿಪಡಿಸಬಹುದೇ, ಅಥವಾ 2 ಟನ್‌ನದನ್ನು ತರಬೇಕೇ?

ಉತ್ತರ: ಹೊಸ ಎಸಿ ತರಬೇಡಿ. ಈ ಬೇಸಿಗೆಯಲ್ಲಿ ಗ್ಯಾಸ್ ತುಂಬಿಸಲೂ ಬೇಡಿ, ಕನಿಷ್ಠ ನಾನು ಕೆಳಗೆ ಹೇಳುವ ನಾಲ್ಕಾರು ಪರೀಕ್ಷೆಗಳು ಮುಗಿಯುವ ತನಕ. ನಿಮ್ಮ ಪ್ರಶ್ನೆಯಲ್ಲೇ ಉತ್ತರದ ಮುಕ್ಕಾಲು ಪಾಲು ಇದೆ: ರಾತ್ರಿ ಎರಡು ಗಂಟೆಯ ಮೇಲೆ ಹೊದಿಕೆ ಬೇಕೆನಿಸುತ್ತದೆ ಎಂದಿದ್ದೀರಿ. ಗ್ಯಾಸ್ ನಿಜಕ್ಕೂ ತೀರಾ ಕಡಿಮೆಯಾಗಿದ್ದ ಎಸಿ ನಡುರಾತ್ರಿಯಲ್ಲೂ ಅಷ್ಟು ಚಳಿ ಹುಟ್ಟಿಸಲಾರದು. ರಾತ್ರಿ ದುಡಿಯುವ ಯಂತ್ರ ಹಗಲು ಸೋಲುತ್ತಿದೆ ಎಂದರೆ, ಹಗಲಿನಲ್ಲಿ ಮಾತ್ರ ಅದಕ್ಕೆ ಅಡ್ಡ ನಿಂತಿರುವುದು ಏನು ಎಂದು ಹುಡುಕಬೇಕು.

ಎಸಿಯ ಕೆಲಸ ಕೋಣೆಯ ಶಾಖವನ್ನು ಹೊತ್ತು ಹೊರಗೆ ಸುರಿಯುವುದು. ಬಾವಿಯಿಂದ ನೀರು ಸೇದಿ ಕಟ್ಟೆಯ ಆಚೆ ಚೆಲ್ಲಿದಂತೆ. ಚೆಲ್ಲಿದ ನೀರು ಹರಿದುಹೋಗಲು ಜಾಗವಿಲ್ಲದೆ ಮತ್ತೆ ಬಾವಿಗೇ ಇಳಿದರೆ ಸೇದುವವನು ಎಷ್ಟು ಗಟ್ಟಿಗನಾದರೂ ಬಾವಿ ಬರಿದಾಗುವುದಿಲ್ಲ. ನಿಮ್ಮ ಔಟ್‌ಡೋರ್ ಯೂನಿಟ್ ಇರುವ ಸಂದಿಯಲ್ಲಿ ಇದೇ ನಡೆಯುತ್ತಿದೆ ಎಂಬುದು ನನ್ನ ಬಲವಾದ ಅನುಮಾನ.

ಲೆಕ್ಕ ಹಾಕಿ ನೋಡಿ. ಎರಡೂವರೆ ಅಡಿ ಎಂದರೆ ಸುಮಾರು 75 ಸೆಂಟಿಮೀಟರ್. ಯೂನಿಟ್‌ನ ದಪ್ಪ ಸುಮಾರು 30 ಸೆಂಟಿಮೀಟರ್, ಅದರ ಬೆನ್ನಿಗೂ ಗೋಡೆಗೂ ನಡುವೆ 10ರಿಂದ 15. ಉಳಿದದ್ದು ಒಂದು ಅಡಿ ಚಿಲ್ಲರೆ. ಯೂನಿಟ್ ತನ್ನ ಬೆನ್ನಿನಿಂದ ಗಾಳಿ ಎಳೆದು, ಕಾಯಿಲ್ (ಗ್ಯಾಸ್ ಹರಿಯುವ ಪೈಪಿನ ಸುರುಳಿ) ಮೂಲಕ ಹಾಯಿಸಿ, ಬಿಸಿಯಾದ ಗಾಳಿಯನ್ನು ಮುಂದಕ್ಕೆ ದೂಡುತ್ತದೆ. ಒಂದು ಅಡಿ ದೂರದಲ್ಲಿ ಪಕ್ಕದ ಮನೆಯ ಗೋಡೆ. ಗಾಳಿ ಅದಕ್ಕೆ ಅಪ್ಪಳಿಸಿ ಮೇಲಕ್ಕೆ ಏಳಲು ನೋಡುತ್ತದೆ, ಅಲ್ಲಿ ನಿಮ್ಮ ತಗಡು. ಇನ್ನು ಅದಕ್ಕೆ ಹೋಗಲು ಸುಲಭದ ದಾರಿ ಯೂನಿಟ್‌ನ ಬೆನ್ನಿನ ಕಡೆಗೇ, ಅಂದರೆ ಯಂತ್ರ ತಾನು ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತದೆ.

ಊರಿನಲ್ಲಿ 42 ಡಿಗ್ರಿ ಇದ್ದಾಗ ಅಂಥ ಸಂದಿಯಲ್ಲಿ ಎಷ್ಟಿರುತ್ತದೆ? ಕೆಲವು ವರ್ಷಗಳ ಹಿಂದೆ ರಾಯಚೂರಿನ ಔಷಧ ದಾಸ್ತಾನಿನ ಕೋಣೆಯೊಂದಕ್ಕೆ ನನ್ನನ್ನು ಕರೆಸಿದ್ದರು. ಎರಡು ಔಟ್‌ಡೋರ್ ಯೂನಿಟ್‌ಗಳನ್ನು ಕಿರಿದಾದ ಬಾಲ್ಕನಿಯಲ್ಲಿ ಎದುರುಬದುರಾಗಿ ಕೂರಿಸಿದ್ದರು. ಒಂದರ ಬಿಸಿಯುಸಿರು ನೇರ ಇನ್ನೊಂದರ ಮುಖಕ್ಕೆ. ಬೀದಿಯ ಬೇವಿನ ಮರದ ನೆರಳಿನಲ್ಲಿ ಥರ್ಮಾಮೀಟರ್ 41 ತೋರಿಸಿತು. ಅದನ್ನೇ ಯೂನಿಟ್‌ನ ಬೆನ್ನಿಗೆ ಹಿಡಿದೆ, 53ಕ್ಕೆ ಏರಿತು. ಮಾಲೀಕರು "ಗ್ಯಾಸ್ ಹಾಕಿಬಿಡಿ ಸರ್, ವರ್ಷವೂ ಅದನ್ನೇ ಮಾಡುತ್ತೇವೆ" ಎಂದರು. ನಾನು ಗ್ಯಾಸ್ ಮುಟ್ಟಲಿಲ್ಲ. ಒಂದು ಯೂನಿಟ್ಟನ್ನು ಬಾಲ್ಕನಿಯ ಹೊರಗೋಡೆಗೆ ಬ್ರ್ಯಾಕೆಟ್ ಹಾಕಿ ಸಾಗಿಸಿದೆವು, ಇನ್ನೊಂದರ ಮುಖವನ್ನು ಬೀದಿಯ ಕಡೆ ತಿರುಗಿಸಿದೆವು. ಮರುದಿನ ಮಧ್ಯಾಹ್ನ ಮೂರು ಗಂಟೆಗೆ ದಾಸ್ತಾನು ಕೋಣೆ 24ರಲ್ಲಿ ನಿಂತಿತ್ತು.

ಈ ಹತ್ತು ಹನ್ನೆರಡು ಡಿಗ್ರಿ ಏಕೆ ಇಷ್ಟು ಮುಖ್ಯ? ಎಸಿಯ ಸಾಮರ್ಥ್ಯವನ್ನು ಸಾಮಾನ್ಯವಾಗಿ ಹೊರಗೆ 35 ಡಿಗ್ರಿ, ಒಳಗೆ 27 ಡಿಗ್ರಿ ಇಟ್ಟು ಅಳೆಯುತ್ತಾರೆ. 1.5 ಟನ್ ಎಂದರೆ ಸುಮಾರು 5 ಕಿಲೋವಾಟ್ ಶಾಖ ಹೊರಹಾಕುವ ಶಕ್ತಿ. (ಟನ್ ಎಂಬ ಅಳತೆ ಬಂದದ್ದು ಮಂಜುಗಡ್ಡೆಯ ಕಾಲದಿಂದ. ಒಂದು ಟನ್ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುವಾಗ ಹೀರುವ ಶಾಖವೇ ಒಂದು ಟನ್, ಅಂದರೆ ಸುಮಾರು 3.5 ಕಿಲೋವಾಟ್. ಯಂತ್ರದ ತೂಕಕ್ಕೂ ಅದಕ್ಕೂ ಸಂಬಂಧವಿಲ್ಲ.) ಈ 5 ಕಿಲೋವಾಟ್ 35 ಡಿಗ್ರಿಯ ಲೆಕ್ಕ. ಶಾಖ ಹೊರಗೆ ಹೋಗಬೇಕಾದರೆ ಔಟ್‌ಡೋರ್ ಕಾಯಿಲ್ ಸುತ್ತಲಿನ ಗಾಳಿಗಿಂತ ಬಿಸಿಯಾಗಿರಲೇಬೇಕು, ಸುಮಾರು 15 ಡಿಗ್ರಿಯಷ್ಟು ಹೆಚ್ಚು ಎಂದಿಟ್ಟುಕೊಳ್ಳಿ. ಸುತ್ತಲಿನ ಗಾಳಿ 53 ಇದ್ದರೆ ಕಾಯಿಲ್ 68 ಮುಟ್ಟಬೇಕು. ಅಷ್ಟು ಬಿಸಿಗೆ ಬೇಕಾದ ಒತ್ತಡ ಏರಿಸಲು, ಗ್ಯಾಸನ್ನು ಒತ್ತುವ ಕಂಪ್ರೆಸರ್ ಹೆಚ್ಚು ಕರೆಂಟ್ ತಿನ್ನುತ್ತದೆ, ತಂಪು ಮಾತ್ರ ಕಡಿಮೆ ಕೊಡುತ್ತದೆ. ಅದರ ಮೇಲೆ ನಿಮ್ಮದು ಇನ್ವರ್ಟರ್ ಎಸಿ. ಅತಿ ಬಿಸಿಯಾದಾಗ ತನ್ನನ್ನು ಕಾಪಾಡಿಕೊಳ್ಳಲು ಅದು ಕಂಪ್ರೆಸರ್‌ನ ವೇಗವನ್ನೇ ತಗ್ಗಿಸುತ್ತದೆ. ನಿಮಗೆ ತಂಪು ಹೆಚ್ಚು ಬೇಕಾದ ಹೊತ್ತಿಗೇ ಯಂತ್ರ ಕಾಲು ಹಿಂದೆಗೆಯುತ್ತದೆ. ರಿಮೋಟ್‌ನಲ್ಲಿ 16 ಒತ್ತಿದರೂ ಅದಕ್ಕೆ ಕಿವಿಗೊಡುವ ಸ್ಥಿತಿಯಲ್ಲಿ ಅದಿರುವುದಿಲ್ಲ.

ಆದ್ದರಿಂದ ಮೊದಲ ಕೆಲಸ, ಆ ತಗಡನ್ನು ತೆಗೆಯಿರಿ. ಇವತ್ತೇ. ಮಂಗಗಳ ಕಾಟಕ್ಕೆ ದೊಡ್ಡ ಕಣ್ಣಿನ ಕಬ್ಬಿಣದ ಜಾಲರಿ ಸಾಕು. ಸೊಳ್ಳೆ ಪರದೆಯಂಥ ಸಣ್ಣ ಜಾಲರಿ ಬೇಡ, ಒಂದೇ ತಿಂಗಳಲ್ಲಿ ಧೂಳು ಕಟ್ಟಿಕೊಂಡು ಅದೇ ಗೋಡೆಯಾಗುತ್ತದೆ. ಎರಡನೆಯದು, ಯೂನಿಟ್ಟನ್ನು ಆ ಸಂದಿಯಿಂದಲೇ ಬಿಡುಗಡೆ ಮಾಡಿ. ನಿಮ್ಮದು ಮೇಲಿನ ಮಹಡಿಯಾದ್ದರಿಂದ ತಾರಸಿಗೆ ಒಯ್ಯುವುದು ಸುಲಭ. ಪೈಪಿನ ಉದ್ದ ಒಂದೆರಡು ಮೀಟರ್ ಹೆಚ್ಚಾದರೆ ಚಿಂತೆಯಿಲ್ಲ. ಅದಕ್ಕೆ ಎಷ್ಟು ಗ್ರಾಂ ಗ್ಯಾಸ್ ಸೇರಿಸಬೇಕು ಎಂಬುದು ಕಂಪನಿಯ ಕೈಪಿಡಿಯಲ್ಲಿ ಇರುತ್ತದೆ. ತಾರಸಿಯ ಬಿಸಿಲು ತಾಗುವುದಿಲ್ಲವೇ ಎಂದು ಕೇಳುತ್ತೀರಿ. ತಾಗುತ್ತದೆ, ಆದರೆ ನೆರಳಿನಲ್ಲಿ ಉಸಿರುಗಟ್ಟುವುದಕ್ಕಿಂತ ಬಿಸಿಲಿನಲ್ಲಿ ಬಿಡುಬೀಸಾಗಿ ಉಸಿರಾಡುವುದು ಈ ಯಂತ್ರಕ್ಕೆ ಎಷ್ಟೋ ಮೇಲು. ನೆರಳು ಬೇಕೇ ಬೇಕೆಂದರೆ ಆಳೆತ್ತರದಲ್ಲಿ ಹಸಿರು ಬಲೆ ಕಟ್ಟಿ, ನಾಲ್ಕೂ ಕಡೆ ತೆರೆದಿರಲಿ. ಪ್ಯಾರಪೆಟ್ ಗೋಡೆಗೆ ಮುಖ ಮಾಡಿ ಮಾತ್ರ ಕೂರಿಸಬೇಡಿ, ಸಂದಿಯ ಕಥೆಯೇ ಅಲ್ಲಿಯೂ ಮರುಕಳಿಸುತ್ತದೆ.

ಔಟ್‌ಡೋರ್ ಯೂನಿಟ್ ಮೇಲೆ ಪೈಪ್ ಹಿಡಿದು ನೀರು ಸಿಂಪಡಿಸುವ ಉಪಾಯ ನಿಮ್ಮ ಕಡೆ ಬಹಳ ಮಂದಿ ಮಾಡುತ್ತಾರೆ. ಆ ಹೊತ್ತಿಗೆ ತಂಪು ಏರುವುದು ನಿಜ. ಆದರೆ ಶಹಾಬಾದ್ ಕಲ್ಲಿನ ಸೀಮೆ ನಿಮ್ಮದು. ಸುಣ್ಣಕಲ್ಲಿನ ನೆಲದ ಬೋರ್‌ವೆಲ್ ನೀರು ಎಷ್ಟು ಗಡಸು ಎಂಬುದು ನಿಮ್ಮ ಗೀಸರ್‌ನ ಕಾಯಿಲ್ ನೋಡಿದರೆ ತಿಳಿಯುತ್ತದೆ. ಆ ನೀರು ಕಾಯಿಲ್‌ನ ಬಿಸಿ ಫಿನ್‌ಗಳ (ತೆಳು ಲೋಹದ ಎಲೆಗಳ) ಮೇಲೆ ಆರಿದಾಗ ಬಿಳಿ ಹಕ್ಕಳೆ ಕಟ್ಟುತ್ತದೆ. ಎರಡು ಬೇಸಿಗೆ ಹೀಗೆ ನೀರು ಕುಡಿಸಿದ ಕಾಯಿಲ್‌ನಲ್ಲಿ ಕೆಲವೆಡೆ ಫಿನ್‌ಗಳ ನಡುವೆ ಬೆಳಕೇ ತೂರದಂತಾಗಿರುವುದನ್ನು ನೋಡಿದ್ದೇನೆ. ವರ್ಷಕ್ಕೆರಡು ಸಲ, ಮಾರ್ಚ್ ಆರಂಭದಲ್ಲಿ ಒಮ್ಮೆ ಮತ್ತು ಮೇ ಮೊದಲ ವಾರದಲ್ಲಿ ಒಮ್ಮೆ ತೊಳೆಯಿರಿ, ಅಷ್ಟು ಸಾಕು. ಎಂಸಿಬಿ ಇಳಿಸಿ ಕರೆಂಟ್ ಕಡಿದು, ಮೇಲಿನ ಮುಚ್ಚಳ ಬಿಚ್ಚಿಸಿ, ಎಲೆಕ್ಟ್ರಾನಿಕ್ ಬೋರ್ಡನ್ನು ಪ್ಲಾಸ್ಟಿಕ್‌ನಿಂದ ಮುಚ್ಚಿಸಿ, ಒಳಗಿನಿಂದ ಹೊರಕ್ಕೆ ನೀರು ಬಿಡಿಸಿ. ಹೊರಗಿನಿಂದ ಜೋರಾಗಿ ಬಿಟ್ಟರೆ ಧೂಳು ಇನ್ನೂ ಒಳಕ್ಕೆ ನುಗ್ಗುತ್ತದೆ, ತೆಳು ಫಿನ್‌ಗಳು ಬಾಗಿ ಮಲಗುತ್ತವೆ.

ಈಗ ಗ್ಯಾಸಿನ ವಿಷಯಕ್ಕೆ ಬರುತ್ತೇನೆ. ಇಲ್ಲಿ ನನಗೆ ನಿಜಕ್ಕೂ ನೋವಾಗುತ್ತದೆ, ಏಕೆಂದರೆ ಇದು ನನ್ನ ಕಸುಬಿನವರೇ ಮಾಡುವ ತಪ್ಪು.

ಎಸಿಯ ಗ್ಯಾಸ್ ಸ್ಕೂಟರ್‌ನ ಪೆಟ್ರೋಲ್ ಅಲ್ಲ, ಓಡಿಸಿದಷ್ಟೂ ಖರ್ಚಾಗುವುದಿಲ್ಲ. ಮುಚ್ಚಿದ ತಾಮ್ರದ ಪೈಪಿನಲ್ಲಿ ಅದೇ ಗ್ಯಾಸ್ ದ್ರವವಾಗಿ, ಅನಿಲವಾಗಿ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರುವ ಕೊಡಕ್ಕೆ ವರ್ಷವೂ ನೀರು ತುಂಬಿಸಿ ಹಣ ಪಡೆಯುವುದನ್ನು ಸರ್ವಿಸ್ ಎನ್ನಲಾಗದು. ನಿಮ್ಮ ವಿಷಯದಲ್ಲಿ ಇನ್ನೊಂದು ಸಾಧ್ಯತೆಯೂ ಇದೆ, ನನಗೆ ಹೆಚ್ಚು ಭಯವಿರುವುದು ಅದರದ್ದೇ: ಗ್ಯಾಸ್ ಎಂದೂ ಕಡಿಮೆಯಾಗಿರಲೇ ಇಲ್ಲ, ಮೂರು ಬೇಸಿಗೆಯೂ ತುಂಬಿಸಿ ತುಂಬಿಸಿ ಈಗ ಅಳತೆ ಮೀರಿದೆ. ಮೆಕ್ಯಾನಿಕ್ ಒತ್ತಡ ಅಳೆಯುವ ಗೇಜ್ ಹಚ್ಚಿ ಮುಳ್ಳು ನೋಡಿ ತುಂಬುತ್ತಾರೆ. ಹಳೆಯ ಎಸಿಗಳಲ್ಲಿ ಅನುಭವಿಯ ಕೈಯಲ್ಲಿ ಆ ಲೆಕ್ಕ ಒಂದಿಷ್ಟು ನಡೆಯುತ್ತಿತ್ತು. ಇನ್ವರ್ಟರ್ ಎಸಿಯಲ್ಲಿ ಕಂಪ್ರೆಸರ್‌ನ ವೇಗ ಬದಲಾದಂತೆ ಒತ್ತಡವೂ ಬದಲಾಗುತ್ತದೆ. ಮುಳ್ಳನ್ನು ಮಾತ್ರ ನಂಬಿ ತುಂಬುವುದು ಕತ್ತಲಲ್ಲಿ ಕೊಡ ತುಂಬಿದಂತೆ. ಅಳತೆ ಮೀರಿದ ಗ್ಯಾಸ್ ಔಟ್‌ಡೋರ್ ಕಾಯಿಲ್‌ನಲ್ಲಿ ದ್ರವವಾಗಿ ನಿಂತು, ಶಾಖ ಬಿಡುವ ಜಾಗವನ್ನೇ ತಿನ್ನುತ್ತದೆ, ಒತ್ತಡ ಏರಿಸುತ್ತದೆ. ತಂಪು ಇಳಿಯುತ್ತದೆ, ಬಿಲ್ ಏರುತ್ತದೆ. ಸಂದಿಯಲ್ಲಿ ಮೊದಲೇ ಏದುಸಿರು ಬಿಡುತ್ತಿರುವ ಯಂತ್ರದ ಬೆನ್ನಿಗೆ ಇನ್ನೊಂದು ಮೂಟೆ.

ಸರಿಯಾದ ಕ್ರಮ ಹೀಗಿದೆ. ಔಟ್‌ಡೋರ್ ಯೂನಿಟ್‌ನ ಪಕ್ಕದಲ್ಲಿ ಅಂಟಿಸಿರುವ ಫಲಕ ನೋಡಿ. ಯಾವ ಗ್ಯಾಸ್, ಎಷ್ಟು ಗ್ರಾಂ ಎಂದು ಅಲ್ಲಿ ಅಚ್ಚಾಗಿರುತ್ತದೆ. ನಾಲ್ಕು ವರ್ಷದ ಹಿಂದಿನದಾದ್ದರಿಂದ ನಿಮ್ಮದು ಬಹುಶಃ ಆರ್-32. ಇರುವ ಗ್ಯಾಸ್ಸನ್ನು ರಿಕವರಿ ಯಂತ್ರದಿಂದ ಖಾಲಿ ಸಿಲಿಂಡರಿಗೆ ಎಳೆದು ತೂಕ ಮಾಡಿಸಿ. ಫಲಕದ ಲೆಕ್ಕಕ್ಕಿಂತ ಕಡಿಮೆಯೋ ಹೆಚ್ಚೋ ಎಂಬ ಪ್ರಶ್ನೆಗೆ ತಕ್ಕಡಿಯೇ ಉತ್ತರ ಹೇಳುತ್ತದೆ. ಕಡಿಮೆ ಇದ್ದರೆ ನೈಟ್ರೋಜನ್ ತುಂಬಿ ಒತ್ತಡ ನಿಲ್ಲುತ್ತದೆಯೇ ಎಂದು ನೋಡಬೇಕು, ಕೀಲುಗಳಿಗೆ ಸಾಬೂನು ನೊರೆ ಹಚ್ಚಬೇಕು. ನೀವೇ ನೋಡಬಹುದಾದ ಒಂದು ಗುರುತು ಇದೆ: ಪೈಪುಗಳು ಔಟ್‌ಡೋರ್ ಯೂನಿಟ್ಟಿಗೆ ಸೇರುವಲ್ಲಿ ಎರಡು ಹಿತ್ತಾಳೆಯ ನಟ್‌ಗಳಿರುತ್ತವೆ. ಅವುಗಳ ಬುಡದಲ್ಲಿ ಎಣ್ಣೆ ಜಿನುಗಿ, ಅದಕ್ಕೆ ಧೂಳು ಮೆತ್ತಿ, ಕಾಡಿಗೆಯಂಥ ಪದರವಾಗಿದ್ದರೆ ಸೋರಿಕೆ ಬಹುತೇಕ ಅಲ್ಲೇ. ಗ್ಯಾಸ್ ತನ್ನ ಜೊತೆ ಕಂಪ್ರೆಸರ್ ಎಣ್ಣೆಯನ್ನೂ ಹೊತ್ತು ತರುವುದರಿಂದ ಈ ಕಲೆ.

ಸೋರಿಕೆ ಮುಚ್ಚಿದ ಮೇಲೆ ವ್ಯಾಕ್ಯೂಮ್ ಪಂಪ್ ಹಚ್ಚಿ ಪೈಪಿನೊಳಗಿನ ಗಾಳಿ ಮತ್ತು ತೇವವನ್ನು ಎಳೆಯಬೇಕು, ಆಮೇಲೆ ತೂಕದ ಲೆಕ್ಕದಲ್ಲಿ ಗ್ಯಾಸ್. ಪಂಪ್ ತರದೆ, ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿಯನ್ನು ಊದಿ ಕಳಿಸಿದ್ದೇನೆ ಎನ್ನುವವರಿಗೆ ಕೆಲಸ ಕೊಡಬೇಡಿ. ಒಳಗೆ ಉಳಿದ ಗಾಳಿ ಎಂದೂ ದ್ರವವಾಗದೆ ಕಾಯಿಲ್‌ನಲ್ಲಿ ಕೂತು ಒತ್ತಡ ಏರಿಸುತ್ತದೆ, ತೇವ ಎಣ್ಣೆಯನ್ನು ಕೆಡಿಸುತ್ತದೆ. ಯೂನಿಟ್ಟನ್ನು ತಾರಸಿಗೆ ಸಾಗಿಸುವಾಗ ಹೇಗೂ ಪೈಪ್ ಬಿಚ್ಚಲೇಬೇಕು, ಇಡೀ ಕೆಲಸವನ್ನು ಅಂದೇ ಮುಗಿಸಿಕೊಳ್ಳಿ. ಒಂದು ಎಚ್ಚರಿಕೆ: ಆರ್-32 ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವ ಗ್ಯಾಸ್. ಪೈಪಿನಲ್ಲಿ ಗ್ಯಾಸ್ ಇರುವಾಗ ಬೆಂಕಿ ಹಿಡಿದು ಬೆಸುಗೆ ಹಾಕಲು ಯಾರಿಗೂ ಬಿಡಬೇಡಿ, ಎದುರು ನಿಂತು ತಡೆಯಿರಿ. ಅದನ್ನು ಸುಮ್ಮನೆ ಗಾಳಿಗೆ ಬಿಡುವುದೂ ತಪ್ಪು. ಒಂದು ಕಿಲೋ ಆರ್-32 ಭೂಮಿಯನ್ನು ಬಿಸಿಮಾಡುವುದು, ನೂರು ವರ್ಷದ ಲೆಕ್ಕದಲ್ಲಿ, ಸುಮಾರು 675 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮ. ನಮ್ಮ ಕೋಣೆ ತಂಪಾಗಿಸಲು ಊರಿನ ಮುಂದಿನ ಬೇಸಿಗೆಯನ್ನು ಕಾಯಿಸಬಾರದು.

ಒಳಗಿನ ಯೂನಿಟ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬೇಸಿಗೆಯಲ್ಲಿ ಎರಡು ವಾರಕ್ಕೊಮ್ಮೆ ಫಿಲ್ಟರ್ ತೊಳೆದು ನೆರಳಲ್ಲಿ ಒಣಗಿಸಿ. ಆದರೆ ಫಿಲ್ಟರ್ ತೊಳೆದೂ ಗಾಳಿ ಮಂದವಾಗಿದ್ದರೆ, ಗಾಳಿ ಹೊರಬರುವ ಕಿಂಡಿಯೊಳಗೆ ಟಾರ್ಚ್ ಬಿಟ್ಟು ನೋಡಿ. ಉದ್ದನೆಯ ಉರುಳೆಯಂಥ ಬ್ಲೋವರ್ ಕಾಣುತ್ತದೆ. ಅದರ ಒಂದೊಂದು ಎಸಳೂ ದೋಣಿಯಂತೆ ಒಳಬಾಗಿದ್ದು, ಆ ಬಾಗಿನಲ್ಲಿ ಬೂದುಬಣ್ಣದ ಧೂಳು ಒತ್ತಾಗಿ ತುಂಬಿರುತ್ತದೆ. ಎಸಳಿನ ಬಾಗು ಮುಚ್ಚಿಹೋದರೆ ಅದು ಗಾಳಿಯನ್ನು ಹಿಡಿಯುವುದೇ ಇಲ್ಲ, ಬರಿದೆ ತಿರುಗುತ್ತದೆ. ಸಾಮಾನ್ಯ ಸರ್ವಿಸ್‌ನಲ್ಲಿ ಇದನ್ನು ಮುಟ್ಟದೆ ಬಿಡುವುದೇ ಹೆಚ್ಚು, ಕೇಳಿ ಮಾಡಿಸಿಕೊಳ್ಳಿ. ತೊಗರಿ ರಾಶಿಯ ಕಾಲ ಮುಗಿದ ಮೇಲೆ ಮಾಡಿಸಿದರೆ ಒಳ್ಳೆಯದು, ಹೊಟ್ಟಿನ ಆ ನವುರಾದ ಧೂಳು ಫಿಲ್ಟರನ್ನೂ ದಾಟಿ ಹೋಗುತ್ತದೆ.

ಒಳಗಿನ ಯೂನಿಟ್‌ನ ಕಾಯಿಲ್ ಮೇಲೆ ಮಂಜು ಕಟ್ಟುತ್ತಿದ್ದರೆ ಅದನ್ನು ತಂಪು ಹೆಚ್ಚಾದ ಲಕ್ಷಣ ಎಂದು ತಿಳಿಯಬೇಡಿ. ಇಡೀ ಕಾಯಿಲ್ ಬೆಳ್ಳಗಾಗಿದ್ದರೆ ಗಾಳಿಯ ಹರಿವು ಕಡಿಮೆ ಎಂದು ಅನುಮಾನಿಸಿ. ಕಾಯಿಲ್‌ನ ಒಂದು ಮೂಲೆಯಲ್ಲಿ, ಅಥವಾ ಹೊರಗಿನ ಸಪೂರ ಪೈಪಿನ ಮೇಲೆ ಮಾತ್ರ ಮಂಜಿದ್ದರೆ ಗ್ಯಾಸ್ ಕಡಿಮೆ ಎಂಬ ಮಾತಿಗೆ ಬೆಲೆ ಕೊಡಬಹುದು.

ಸಂತೆಯಲ್ಲಿ ಸಿಗುವ ಚಿಕ್ಕ ಡಿಜಿಟಲ್ ಥರ್ಮಾಮೀಟರ್ ಒಂದನ್ನು ಕೊಳ್ಳಿ. ಮಧ್ಯಾಹ್ನ ಮೂರಕ್ಕೆ ಎಸಿಯನ್ನು ಅತಿ ಕಡಿಮೆ ಡಿಗ್ರಿಗೆ, ಫ್ಯಾನ್ ಜೋರಿಗೆ ಇಟ್ಟು 20 ನಿಮಿಷ ಓಡಿಸಿ. ಒಳಗಿನ ಯೂನಿಟ್‌ನ ತಲೆಯ ಮೇಲೆ, ಗಾಳಿ ಒಳಹೋಗುವಲ್ಲಿ ಒಮ್ಮೆ, ಗಾಳಿ ಹೊರಬರುವ ಕಿಂಡಿಯಲ್ಲಿ ಒಮ್ಮೆ ಅಳೆಯಿರಿ. ನಿಮ್ಮಂಥ ಒಣಹವೆಯ ಊರಿನಲ್ಲಿ ಎರಡರ ನಡುವೆ 10ರಿಂದ 14 ಡಿಗ್ರಿ ಅಂತರ ಬರಬೇಕು. ಮಂಗಳೂರಿನಲ್ಲಾದರೆ ಇದಕ್ಕಿಂತ ಕಡಿಮೆ ಬಂದರೂ ಸರಿಯೇ, ಅಲ್ಲಿ ಎಸಿಯ ಶಕ್ತಿಯ ದೊಡ್ಡ ಪಾಲು ಗಾಳಿಯ ತೇವವನ್ನು ನೀರಾಗಿಸುವುದರಲ್ಲೇ ಹೋಗುತ್ತದೆ. ಅಂತರ ಆರೇಳು ಡಿಗ್ರಿ ಮಾತ್ರ ಬಂದರೆ ದೋಷ ಯಂತ್ರದಲ್ಲಿ ಅಥವಾ ಅದರ ಹೊರಜಾಗದಲ್ಲಿ. ಅಂತರ ದೊಡ್ಡದಿದ್ದು ಗಾಳಿ ಸಣ್ಣಗೆ ಬರುತ್ತಿದ್ದರೆ ಬ್ಲೋವರ್ ಧೂಳು. ಅಂತರವೂ ಸರಿ, ಗಾಳಿಯೂ ಸರಿ, ಕೋಣೆ ಮಾತ್ರ ತಣಿಯುತ್ತಿಲ್ಲ ಎಂದರೆ ಎಸಿ ನಿರಪರಾಧಿ, ಕೋಣೆಗೆ ಶಾಖ ಎಲ್ಲಿಂದಲೋ ನುಗ್ಗುತ್ತಿದೆ.

ಎಲ್ಲಿಂದ ಎಂದು ತಿಳಿಯಲು ಸಂಜೆ ಆರಕ್ಕೆ ಕುರ್ಚಿ ಹತ್ತಿ ಚಾವಣಿಗೆ ಅಂಗೈ ಇಡಿ. ಬಿಸಿ ಹಂಚಿನ ಹತ್ತಿರ ಕೈ ಹಿಡಿದಂತೆ ಇರುತ್ತದೆ. ಇಡೀ ದಿನ ಸುಟ್ಟ ಆರ್‌ಸಿಸಿ ಸ್ಲ್ಯಾಬ್ ಶಾಖವನ್ನು ತನ್ನೊಳಗೆ ಕೂಡಿಟ್ಟು, ಹಲವು ಗಂಟೆ ತಡವಾಗಿ ಕೆಳಗೆ ಬಿಡುತ್ತದೆ. ನಿಮ್ಮ ಕೋಣೆ ನಡುರಾತ್ರಿಯ ಆಚೆಗೆ ತಣಿಯುವುದಕ್ಕೆ ಇದೂ ಒಂದು ಕಾರಣ. 182 ಚದರ ಅಡಿಯ ಬೋಳು ಸ್ಲ್ಯಾಬ್ ಕಡುಬೇಸಿಗೆಯಲ್ಲಿ ಒಂದು ಕಿಲೋವಾಟ್‌ಗೂ ಹೆಚ್ಚು ಶಾಖ ಇಳಿಸಬಹುದು ಎಂಬುದು ನನ್ನ ಲೆಕ್ಕ. ಕೋಣೆಯಲ್ಲಿ ರೂಮ್ ಹೀಟರ್ ಹಚ್ಚಿಟ್ಟು ಎಸಿ ಓಡಿಸಿದಂತೆ. ನಿಮ್ಮ ಭಾಗದ ಹಳೆಯ ಮಣ್ಣಿನ ಮಾಳಿಗೆ ಮನೆಗಳು ಬೇಸಿಗೆಯಲ್ಲಿ ಎಷ್ಟು ತಂಪಾಗಿರುತ್ತಿದ್ದವು ಎಂದು ಹಿರಿಯರನ್ನು ಕೇಳಿ. ದಪ್ಪ ಮಣ್ಣು ಆ ಶಾಖವನ್ನು ಕೆಳಗೆ ಇಳಿಯಗೊಡುತ್ತಿರಲಿಲ್ಲ. ಆ ಮಾಳಿಗೆಯನ್ನು ಮತ್ತೆ ಕಟ್ಟಲಾಗದಿದ್ದರೂ ತಾರಸಿಗೆ ಬಿಳಿ ಬಣ್ಣ ಬಳಿಯಬಹುದು. ಬಿಸಿಲು ಹಿಂದಿರುಗಿಸುವ ತಾರಸಿಯ ಬಣ್ಣವೇ ಆದೀತು, ಅಂಟು ಬೆರೆಸಿದ ಸುಣ್ಣವೂ ಆದೀತು. ಎರಡು ಕೈ ಬಳಿಯಿರಿ, ಧೂಳು ಕೂತಾಗ ಗುಡಿಸಿ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಲಾಭ ಕೊಡುವ ಕೆಲಸ ಎಸಿಯ ಲೋಕದಲ್ಲಿ ಇನ್ನೊಂದನ್ನು ನಾನು ಕಂಡಿಲ್ಲ. ಪಶ್ಚಿಮಕ್ಕೆ ಕಿಟಕಿ ಇದ್ದರೆ ಹೊರಗಡೆ ಚಾಪೆಯ ಪರದೆ ಇಳಿಬಿಡಿ. ಒಳಗಿನ ಪರದೆಯನ್ನು ಮುಟ್ಟುವ ಹೊತ್ತಿಗೆ ಬಿಸಿಲು ಗಾಜು ದಾಟಿ ಬಂದಾಗಿರುತ್ತದೆ.

ರಿಮೋಟನ್ನು 26ರಲ್ಲಿಟ್ಟು ಸೀಲಿಂಗ್ ಫ್ಯಾನ್ ನಿಧಾನಕ್ಕೆ ತಿರುಗಿಸಿ. 38 ಡಿಗ್ರಿಯ ಕೋಣೆಯಲ್ಲಿ 16ಕ್ಕೆ ಇಟ್ಟರೂ 26ಕ್ಕೆ ಇಟ್ಟರೂ ಯಂತ್ರ ಮೊದಲು ಓಡುವುದು ತನ್ನ ಪೂರ್ಣ ವೇಗದಲ್ಲೇ. 16ಕ್ಕೆ ಇಟ್ಟರೆ ಅದು ಎಂದೂ ದಣಿವಾರಿಸಿಕೊಳ್ಳುವುದಿಲ್ಲ, ಅಷ್ಟೇ ವ್ಯತ್ಯಾಸ. 2020ರ ಜನವರಿಯಿಂದ ನಮ್ಮ ದೇಶದ ಹೊಸ ಎಸಿಗಳು 24 ಡಿಗ್ರಿಯಲ್ಲೇ ಆರಂಭವಾಗಬೇಕೆಂಬ ನಿಯಮ ಬಂದಿದೆ. ಒಂದೊಂದು ಡಿಗ್ರಿ ಏರಿಸಿದಾಗಲೂ ಸುಮಾರು 6 ಶೇಕಡ ವಿದ್ಯುತ್ ಉಳಿಯುತ್ತದೆ ಎಂದು ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ.

2 ಟನ್‌ನ ಯಂತ್ರವನ್ನು ಆ ಸಂದಿಯಲ್ಲಿ ಕೂರಿಸಿದರೆ ಅದು ಇನ್ನೂ ಹೆಚ್ಚು ಶಾಖವನ್ನು ಅಲ್ಲಿಗೇ ಸುರಿಯುತ್ತದೆ, ಮತ್ತು ಮುಂದಿನ ಏಪ್ರಿಲ್‌ನಲ್ಲಿ ನೀವು ಇದೇ ಪ್ರಶ್ನೆ ಕೇಳಬೇಕಾಗುತ್ತದೆ. ತಗಡು ತೆಗೆದು, ಯೂನಿಟ್ಟನ್ನು ತಾರಸಿಗೆ ಸಾಗಿಸಿ, ತೂಕ ಮಾಡಿ ಗ್ಯಾಸ್ ಹಾಕಿಸಿ, ಸ್ಲ್ಯಾಬ್‌ಗೆ ಬಿಳಿ ಬಳಿದ ಮೇಲೂ ಮಧ್ಯಾಹ್ನ 28ಕ್ಕೆ ಇಳಿಯದಿದ್ದರೆ, ಎಸಿ ಓಡುತ್ತಿರುವಾಗ ಅದರ ಸಾಕೆಟ್‌ನಲ್ಲಿ ವೋಲ್ಟೇಜ್ ಅಳೆಸಿ. 200ಕ್ಕಿಂತ ಕೆಳಗಿದ್ದರೆ ವೈರಿಂಗ್ ನೋಡಿಸಬೇಕು. ಅದೂ ಸರಿಯಿದ್ದರೆ ಆಗ ಹೊಸ ಎಸಿಯ ಮಾತು ಆಡೋಣ. ಮತ್ತು ಈ ಸಲ ಕೆಲಸ ಮಾಡಿದ ಮೆಕ್ಯಾನಿಕ್‌ಗೆ ಒಂದು ಮಾರ್ಕರ್ ಕೊಡಿ. ತೆಗೆದ ಗ್ಯಾಸ್ ಎಷ್ಟು ಗ್ರಾಂ, ಹಾಕಿದ್ದು ಎಷ್ಟು ಗ್ರಾಂ, ಯಾವ ದಿನ ಎಂದು ಔಟ್‌ಡೋರ್ ಯೂನಿಟ್‌ನ ಮುಚ್ಚಳದ ಒಳಮೈಯಲ್ಲಿ ಬರೆಯಲು ಹೇಳಿ. ಮುಂದಿನ ಬೇಸಿಗೆಗೆ ಬರುವವರು ಗೇಜ್ ಹಚ್ಚುವ ಮೊದಲು ಅದನ್ನು ಓದಲಿ.